ಒಂಬತ್ತನೆಯ ಸಾಲು

ಬಿ.ಎ. ಓದುವಾಗ ನಮಗೆ ಸಾನೆಟ್ ಎಂದರೆ ಹತ್ತು ಅಂಕದ ಪ್ರಶ್ನೆ. ಎಂಟು ಸಾಲು, ಆಮೇಲೆ ಆರು, ಒಂಬತ್ತನೆಯ ಸಾಲಿಗೆ ತಿರುವು. ಕನ್ನಡದಲ್ಲಿ ಇದಕ್ಕೆ ಸುನೀತ, ಅಷ್ಟಷಟ್ಪದಿ ಅಂತೆಲ್ಲ ಹೆಸರಿದೆ ಎಂದು ಮೇಷ್ಟ್ರು ಹೇಳಿದಾಗ, ಮನೆಯಲ್ಲಿ ಅಪ್ಪ ರಾಗವಾಗಿ ಓದುತ್ತಿದ್ದ ಗದುಗಿನ ಭಾರತದ ಭಾಮಿನಿ ಷಟ್ಪದಿಗೆ ನಂಟಿರಬೇಕು ಅಂದುಕೊಂಡಿದ್ದೆ. ನಂಟೇನೂ ಇಲ್ಲ. ಷಟ್ಪದಿಗೆ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ, ಸಾನೆಟ್ಟಿಗೆ ಬಾಲದಲ್ಲಿ.

ವರ್ಡ್ಸ್‌ವರ್ತ್ 1815ರಲ್ಲಿ ಅಚ್ಚು ಹಾಕಿಸಿದ ಸಾನೆಟ್ ಒಂದು ಪಠ್ಯದಲ್ಲಿತ್ತು. ಅವನ ಮಗಳು ಕ್ಯಾಥರಿನ್ 1812ರ ಜೂನಿನಲ್ಲಿ ತೀರಿಕೊಂಡಾಗ ಇನ್ನೂ ನಾಲ್ಕು ತುಂಬಿರಲಿಲ್ಲ. ಯಾವುದೋ ಖುಷಿಯನ್ನು ಹೇಳೋಣವೆಂದು ಅವನು ಅವಳ ಕಡೆ ತಿರುಗುತ್ತಾನೆ, ಅವಳಿಲ್ಲ. ತಿರುಗುವುದು ಎರಡನೆಯ ಸಾಲಿನಲ್ಲೇ. 'ತಿರುವು ತಪ್ಪಿದೆ' ಎಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೆ.

ಪೇಪರಿನ ಪದಬಂಧ ಅಪ್ಪನ ಸ್ವತ್ತು. ನಾವು ಬಾಯಿ ಹಾಕಿದರೆ ಸಿಡುಕುತ್ತಿದ್ದರು. ಅವರು ಹೋಗಿ ಎರಡು ವರ್ಷವಾದ ಮೇಲೆ ಒಂದು ಭಾನುವಾರ ನಾನೇ ಕೂತಿದ್ದೆ. ಎಡದಿಂದ ಬಲಕ್ಕೆ, ಐದಕ್ಷರ. ಬೆಳಗಿನಿಂದ ಸತಾಯಿಸಿದ್ದು ಥಟ್ಟನೆ ಹೊಳೆಯಿತು. "ಸಿಕ್ತಪ್ಪಾ" ಅಂದೆ, ಕೋಣೆಯತ್ತ ಕತ್ತು ತಿರುಗಿಸಿ. ಅಲ್ಲಿ ಈಗ ಇಸ್ತ್ರಿಗೆ ಕೊಡುವ ಬಟ್ಟೆ ರಾಶಿ ಹಾಕುತ್ತೇವೆ. ಅಳು ಬರಲಿಲ್ಲ. ಅವರಿಲ್ಲ ಅನ್ನುವುದನ್ನೇ ಮರೆತೆನಲ್ಲ ಎಂದು ನಾಚಿಕೆಯಾಯಿತು. ಹಳೆಯ ಪಠ್ಯ ಹುಡುಕಿ ತೆಗೆದರೆ ವರ್ಡ್ಸ್‌ವರ್ತನ ಸಂಕಟವೂ ಅದೇ, ಒಂದು ಗಳಿಗೆ ಮರೆತದ್ದು. ಮಗಳು ಮುಂದೆ ಎಲ್ಲೋ ಸಿಗುತ್ತಾಳೆಂಬ ಸಮಾಧಾನವನ್ನೂ ಅವನು ಹೇಳಿಕೊಳ್ಳುವುದಿಲ್ಲ.

ಜಾನ್ ಡನ್ ಹಾಗಲ್ಲ. ಹೆಂಡತಿ ಆನ್ 1617ರಲ್ಲಿ ಹನ್ನೆರಡನೆಯ ಹೆರಿಗೆಯಾದ ಕೆಲವೇ ದಿನಕ್ಕೆ ಸತ್ತಳು. ಅವಳು ಸ್ವರ್ಗಕ್ಕೆ ಹೋದಳು, ನನ್ನ ಮನಸ್ಸೂ ಈಗ ಅಲ್ಲೇ ಎಂದು ಸಾನೆಟ್ ಶುರುಮಾಡುತ್ತಾನೆ. ಇಷ್ಟು ಬೇಗ ಲೆಕ್ಕ ಚುಕ್ತಾ ಮಾಡುವವರನ್ನು ನಾನು ನಂಬುವುದಿಲ್ಲ. ದಾಹ ತೀರಿಲ್ಲವೆಂದು ಆಮೇಲೆ ಅವನೇ ಒಪ್ಪುತ್ತಾನೆ, ಅಲ್ಲಿಂದ ನಂಬುತ್ತೇನೆ. ಹಾಪ್ಕಿನ್ಸ್ ಪಾದ್ರಿ. ಡಬ್ಲಿನ್‌ನಲ್ಲಿ 1885ರ ಸುಮಾರಿಗೆ ಬರೆದ ಸಾನೆಟ್ಟುಗಳಲ್ಲಿ ಅವನ ಮೊರೆಗಳು ವಿಳಾಸ ಮುಟ್ಟದ ಕಾಗದಗಳು. ಆದರೂ ಹದಿನಾಲ್ಕು ಸಾಲಿನ ಕಟ್ಟು ಬಿಡಲಿಲ್ಲ. ಅಮ್ಮ ಹೋದ ಮೇಲೆ ಅಪ್ಪನೂ ಸಂಧ್ಯಾವಂದನೆ ಬಿಟ್ಟರು, ಭಾರತ ಓದುವುದನ್ನು ಬಿಡಲಿಲ್ಲ.

ಪೆನ್ಸಿಲ್ ಬರಹ ಅಳಿಸದೆ ಪುಸ್ತಕ ಮುಚ್ಚಿದೆ. ಮುಂದಿನ ಭಾನುವಾರ ಪೇಪರಿನಲ್ಲಿ ಉತ್ತರ ಬಂತು. ನನ್ನ ಐದಕ್ಷರ ತಪ್ಪು.