ಸೋತವರಿಗೆ ಇನ್ನೊಂದಾಟ

ಆದೋನಿ ಸೀಮೆಯ ಕೌತಾಳಂ, ಕೋಸಿಗಿ, ಹೊಳಗುಂದ ಕಡೆ ಸರ್ಕಾರಿ ಶಾಲೆಯ ಹುಡುಗಿಯರು ಮಂಡಲ ಮಟ್ಟದ ಕಬಡ್ಡಿಗೆ ಹೊರಡುವುದೇ ಒಂದು ಜಾತ್ರೆ. ಆಟೊ ತುಂಬ ಮಕ್ಕಳು, ತೊಡೆ ಮೇಲೆ ಬುತ್ತಿ, ಡ್ರೈವರ್ ಪಕ್ಕದಲ್ಲಿ ಒತ್ತಿಕೊಂಡು ಕೂತ ಪಿಇಟಿ ಸಾರು. ಆಟ ಎಷ್ಟು ಹೊತ್ತು? 15 ನಿಮಿಷದ ಎರಡು ಪಾಳಿ. ನಾಕೌಟ್ ಆದ್ದರಿಂದ ಸೋತರೆ ವರ್ಷವೇ ಮುಗಿಯಿತು. ಬುತ್ತಿ ಬಿಚ್ಚುವ ಮೊದಲೇ ಗಂಟುಮೂಟೆ. ಸೋತ ತಂಡದಲ್ಲಿ ಒಳ್ಳೆ ರೈಡರ್ ಇದ್ದರೂ ಅವಳ ಆಟ ನೋಡಿದವರಾರು?

ಐಪಿಎಲ್‌ನಲ್ಲಿ 2011ರಿಂದ ಪ್ಲೇಆಫ್ ಇದೆ. ಲೀಗ್‌ನಲ್ಲಿ ಮೊದಲೆರಡು ಸ್ಥಾನದಲ್ಲಿದ್ದವರು ಒಂದು ಪಂದ್ಯ ಸೋತರೂ ಫೈನಲ್‌ಗೆ ಇನ್ನೊಂದು ದಾರಿ ಇರುತ್ತದೆ. ಕೋಟಿ ಎಣಿಸುವವರಿಗೆ ಎರಡು ಅವಕಾಶ, ಎಂಟನೇ ಕ್ಲಾಸಿನ ಹುಡುಗಿಗೆ ಒಂದೇ!

ಲೆಕ್ಕ ಹಾಕಿ ನೋಡಿ. 8 ತಂಡಗಳ ನಾಕೌಟಿಗೆ 7 ಪಂದ್ಯ. ಪೂರಾ ಲೀಗ್ ಅಂದರೆ 28, ಅದು ಒಂದು ದಿನದಲ್ಲಿ ಆಗದ ಮಾತು, ಒಪ್ಪಿದೆ. ಆದರೆ ಮೊದಲ ಸುತ್ತಿನಲ್ಲಿ ಸೋತ 4 ತಂಡಗಳಿಗೆ ಬೇರೆಯಾಗಿ ಒಂದು ಸಣ್ಣ ನಾಕೌಟ್ ಇಟ್ಟರೆ ಹೆಚ್ಚುವುದು 3 ಪಂದ್ಯ ಅಷ್ಟೇ. ಎಲ್ಲರಿಗೂ ಕನಿಷ್ಠ ಎರಡಾಟ ಸಿಗುತ್ತದೆ.

'ಮುಂದಿನ ವರ್ಷ ನೋಡೋಣ ಬಿಡಮ್ಮಾ' ಅನ್ನುವುದು ಸುಲಭ. ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವ ಮನೆಗಳ ಸೀಮೆ ಇದು. ಮುಂದಿನ ವರ್ಷ ಆ ಹುಡುಗಿ ಶಾಲೆಯಲ್ಲೇ ಇರುತ್ತಾಳೆಂದು ಯಾರು ಹೇಳಬೇಕು? ಹೇಗೂ ಸುಣ್ಣದ ಗೆರೆ ಎಳೆದಾಗಿದೆ, ರೆಫ್ರಿಗಳೂ ಸಂಜೆವರೆಗೆ ಇರುತ್ತಾರೆ. ಆ 3 ಪಂದ್ಯ ಈ ಸಲವೇ ಆಡಿಸಿ.