ನಾನು ಹೇಳಿದ್ದ ಸಹನೆಯ ಮಾತು

ನೆರೆಮನೆಯಿಂದ ರಾತ್ರಿ ಹೊತ್ತು ಹೆಣ್ಣಿನ ಅಳು ಕೇಳಿದರೆ ನೀವೇನು ಮಾಡುತ್ತೀರಿ? ನಾನಂತೂ ಕಿಟಕಿ ಮುಚ್ಚಿಕೊಂಡೆ. ಗಂಡ ಹೆಂಡಿರ ವಿಷಯ, ನಮಗೇಕೆ ಎಂದುಕೊಂಡೆ.

ಆಕೆ ಮದ್ರಸದಲ್ಲಿ ನನ್ನ ಬಳಿಯೇ ಕಲಿತ ಹುಡುಗಿ. ಮದುವೆಯಾಗಿ ಪಕ್ಕದ ಮನೆಗೆ ಬಂದಾಗ ಸಂತೋಷಪಟ್ಟಿದ್ದೆ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಬಂದವಳ ಕಣ್ಣಿನ ಕೆಳಗೆ ನೀಲಿಗಟ್ಟಿತ್ತು. "ಬಚ್ಚಲಲ್ಲಿ ಜಾರಿದೆ ಟೀಚರ್" ಎಂದಳು. ಎರಡನೇ ಸಲ ನಿಜವನ್ನೇ ಹೇಳಿದಳು. ನಾನು ಕೊಟ್ಟ ಉತ್ತರ: "ಸಹನೆ ಮಾಡು ಮಗಳೇ, ಒಂದು ಮಗುವಾದರೆ ಸರಿಹೋಗುತ್ತಾನೆ."

2018ರಲ್ಲಿ ಅವಳ ಕೈ ಮುರಿಯಿತು. ಆಸ್ಪತ್ರೆಯಲ್ಲಿ ಗಂಡ ಪಕ್ಕದಲ್ಲೇ ನಿಂತಿದ್ದ. ಮೆಟ್ಟಿಲಿನಿಂದ ಬಿದ್ದೆ ಎಂದಳು, ವೈದ್ಯರು ಹಾಗೆಯೇ ಬರೆದುಕೊಂಡರು. ವಾರದ ನಂತರ ಅಣ್ಣ ಅವಳನ್ನು ಠಾಣೆಗೆ ಕರೆದೊಯ್ದ. 498ಎ ಕಲಮಿನಡಿ ಪ್ರಕರಣ ದಾಖಲಾಯಿತು. ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯಕ್ಕೆ 3 ವರ್ಷದವರೆಗೆ ಜೈಲು ವಿಧಿಸುವ ಈ ಕಲಮು ಬಂದದ್ದು 1983ರಲ್ಲಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ.

2022ರಲ್ಲಿ ನನಗೆ ಸಮನ್ಸ್ ಬಂತು. ಹೋಗಬೇಡಿ, ನಾಳೆ ಆ ಮನೆಯವರ ಮುಖ ನೋಡಬೇಕಲ್ಲ ಎಂದರು ಕೆಲವರು. ಸಾಕ್ಷ್ಯ ಮುಚ್ಚಿಡುವುದು ಪಾಪವೆಂದು ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡುವವಳು ಹೋಗದೆ ಹೇಗಿರಲಿ? ಸರಕಾರಿ ವಕೀಲರು ಕೇಳಿದಾಗ ಕಂಡದ್ದು, ಕೇಳಿದ್ದು, ನಾನು ಅವಳಿಗೆ ಹೇಳಿದ್ದು ಎಲ್ಲವನ್ನೂ ಹೇಳಿದೆ. ಆಮೇಲೆ ಆರೋಪಿಯ ವಕೀಲರು ಎದ್ದರು.

"ಹೊಡೆಯುವುದನ್ನು ಕಣ್ಣಾರೆ ಕಂಡಿದ್ದೀರಾ?"

"ಇಲ್ಲ. ಅಳು ಕೇಳಿದ್ದೇನೆ, ಗಾಯ ನೋಡಿದ್ದೇನೆ."

"ಯಾರಿಗಾದರೂ ತಿಳಿಸಿದಿರಾ?"

"ಇಲ್ಲ."

"ಸಹನೆ ಮಾಡು ಎಂದಿರಿ. ಅಂದರೆ ಅದು ಸಣ್ಣ ಜಗಳವೆಂದು ನಿಮಗೇ ಅನಿಸಿತ್ತು, ಅಲ್ಲವೇ?"

ಅಲ್ಲ ಎಂದೆ. ಆದರೆ ಸಹನೆ ಮಾಡುವಂತೆ ಹೇಳಿದ್ದು ನಿಜವೆಂದು ನನ್ನ ಹೇಳಿಕೆಯಲ್ಲಿ ಟೈಪಾಯಿತು. ಅದರ ಕೆಳಗೆ ಸಹಿ ಹಾಕಿದೆ. ಅವಳು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಆ ವಕೀಲರನ್ನು ನಾನು ದೂರುವುದಿಲ್ಲ. ಸುಳ್ಳು ದೂರುಗಳೂ ಇರುತ್ತವೆ, ಆರೋಪಿಗೂ ತನ್ನ ಪರ ಕೇಳುವ ಹಕ್ಕಿದೆ. 2023ರಲ್ಲಿ ಅವನು ಬಿಡುಗಡೆಯಾದ. ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿಲ್ಲ ಎಂದಿತು ತೀರ್ಪು. ಆಸ್ಪತ್ರೆಯ ಆ ಮೆಟ್ಟಿಲಿನ ಮಾತೂ ನನ್ನ ಸಹನೆಯ ಮಾತೂ ಅದರಲ್ಲಿದ್ದವು.

ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ ಎಂಬುದೊಂದು ಸಮಾಧಾನ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಡಿ ಅವಳು ಬೇರೆ ಅರ್ಜಿ ಹಾಕಿದ್ದಳು. ಅದರಲ್ಲಿ ರಕ್ಷಣಾ ಆದೇಶ, ವಾಸದ ಹಕ್ಕು, ಜೀವನಾಂಶ ಕೇಳಬಹುದು. ರಕ್ಷಣಾ ಆದೇಶ ಮೀರಿದರೆ 1 ವರ್ಷದವರೆಗೆ ಜೈಲಿದೆ. ಅವಳಿಗೆ ಜೀವನಾಂಶದ ಆದೇಶವಾಯಿತು. ವಕೀಲರಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಕಾನೂನು ಸೇವಾ ಪ್ರಾಧಿಕಾರ ಆದಾಯ ಕೇಳದೆ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಬಿಎ ಓದಿದ ನನಗೇ ಇದು ಗೊತ್ತಿರಲಿಲ್ಲ ನೋಡಿ!

ಇತ್ತೀಚೆಗೆ ನನ್ನ ವಿದ್ಯಾರ್ಥಿನಿಯ ತಾಯಿಯೊಬ್ಬರು ತರಗತಿ ಬಿಟ್ಟ ಮೇಲೆ ಬಂದು ಸೆರಗು ಸರಿಸಿ ತೋಳು ತೋರಿಸಿದರು. ಹಳೆಯ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ರಿಕ್ಷಾ ಕರೆದು ಇಬ್ಬರೂ ಸರಕಾರಿ ಆಸ್ಪತ್ರೆಗೆ ಹೋದೆವು. ಹೇಗಾಯಿತು ಎಂದು ವೈದ್ಯರು ಕೇಳಿದರು. ಆಕೆ ನನ್ನ ಮುಖ ನೋಡಿದರು.

"ಆದದ್ದನ್ನೇ ಹೇಳಿ" ಎಂದೆ.