ಪರಮಾಣುಯಜ್ಞದ ಬ್ರಹ್ಮ

ಯಜ್ಞದಲ್ಲಿ ಅಧ್ವರ್ಯುವು ಕರ್ಮವನ್ನು ನಡೆಸುವನು. ಬ್ರಹ್ಮನೆಂಬ ಋತ್ವಿಜನು ಮೌನವಾಗಿ ಕುಳಿತು ಲೋಪವನ್ನು ಕಂಡೊಡನೆ ತಿದ್ದುವನು. ಪರಮಾಣುವಿನ ಅಗ್ನಿಗೂ ಅಂಥವನೊಬ್ಬನು ಬೇಕೆಂದು ಭಾರತ ಸರ್ಕಾರವು 1983ನೆಯ ಇಸವಿಯ ನವೆಂಬರಿನಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯನ್ನು ಸ್ಥಾಪಿಸಿತು. ವಿಕಿರಣದಿಂದ ಕೆಲಸಗಾರರ ದೇಹಕ್ಕೆ ಹಾನಿಯಾಗದಂತೆಯೂ, ಕಾರ್ಖಾನೆಗಳ ಕಾಯಿದೆಯು ಆ ಸ್ಥಾವರಗಳಲ್ಲಿ ಪಾಲನೆಯಾಗುವಂತೆಯೂ ನೋಡುವುದು ಆಗ ಅದಕ್ಕೆ ಒಪ್ಪಿಸಿದ ಕಾರ್ಯವಾಗಿತ್ತು.

ಈ ಕಾವಲು ಎಷ್ಟು ಅವಶ್ಯವೆಂಬುದನ್ನು ಉತ್ತರ ಕನ್ನಡದ ಕೈಗಾ ತೋರಿಸಿತು. 1994ನೆಯ ಮೇ 13ರಂದು, ಕಟ್ಟುತ್ತಿದ್ದ ಮೊದಲನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರವು ಕಳಚಿ ಬಿದ್ದು ಕೂಲಿಕಾರರು ಗಾಯಗೊಂಡರು. ಇಂಧನವನ್ನು ತುಂಬಿರಲಿಲ್ಲವಾಗಿ ಮಹಾವಿಪತ್ತು ತಪ್ಪಿತು. ಗುಮ್ಮಟವನ್ನು ಹೊಸದಾಗಿ ರಚಿಸಿದ ಮೇಲೆಯೇ, 2000ದಲ್ಲಿ, ಘಟಕವು ವಿದ್ಯುತ್ತನ್ನಿತ್ತಿತು.

ಮಂಡಲಿಗೆ ಸ್ವತಂತ್ರಾಧಿಕಾರವು ಸಾಲದೆಂದು ಮಹಾಲೇಖಪಾಲರ ವರದಿಯು 2012ರಲ್ಲಿ ಆಕ್ಷೇಪಿಸಿತು. ಬ್ರಹ್ಮನು ಯಜಮಾನನಿಂದ ದಕ್ಷಿಣೆ ಪಡೆದರೂ ಅಧ್ವರ್ಯುವಿನ ಆಜ್ಞೆಗೆ ಒಳಪಟ್ಟವನಲ್ಲ. ಒಳಪಟ್ಟರೆ ಲೋಪವನ್ನು ಹೇಳುವವರಾರು? ಗುಮ್ಮಟದ ಕೆಳಗೆ ದುಡಿಯುವವನ ಪ್ರಾಣವು ಆ ಒಂದು ಮಾತಿನ ಮೇಲೆ ನಿಂತಿದೆ.